ಸ್ಪ್ಯಾನರ್ ಹಿಡಿದವರು ಓದುವ ಬರಹ: ವಿಮಾನ, ಬಾಹ್ಯಾಕಾಶ ಕ್ಷೇತ್ರದಲ್ಲಿ ಬರೆಯುವ ಕೆಲಸ

ಈ ಎರಡು ವಾಕ್ಯ ಓದಿ.

"ಪೈಪಿನ ನಟ್ ಬಿಚ್ಚಿ. ಬಿಚ್ಚುವ ಮೊದಲು ಹೈಡ್ರಾಲಿಕ್ ಒತ್ತಡ ಸೊನ್ನೆಗೆ ಇಳಿದಿದೆಯೇ ನೋಡಿಕೊಳ್ಳಿ."

ವ್ಯಾಕರಣ ಸರಿಯಿದೆ. ಮಾಹಿತಿಯೂ ಸರಿಯಿದೆ. ಆರಾಮಾಗಿ ಕುರ್ಚಿಯಲ್ಲಿ ಕೂತು ಓದಿದರೆ ತಪ್ಪು ಕಾಣುವುದೇ ಇಲ್ಲ. ಆದರೆ ಇದನ್ನು ಓದುವ ಮೆಕ್ಯಾನಿಕ್ ಕುರ್ಚಿಯಲ್ಲಿ ಕೂತಿರುವುದಿಲ್ಲ. ನಡುರಾತ್ರಿ, ವಿಮಾನದ ಚಕ್ರಗಳು ಮಡಚಿಕೊಳ್ಳುವ ಗೂಡಿನೊಳಗೆ ತಲೆ ತೂರಿಸಿ, ಒಂದು ಕೈಯಲ್ಲಿ ಟಾರ್ಚ್, ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತಿರುತ್ತಾರೆ. ಒಂದು ವಾಕ್ಯ ಓದುತ್ತಾರೆ, ಅದು ಹೇಳಿದ ಕೆಲಸ ಮಾಡುತ್ತಾರೆ, ಆಮೇಲೆ ಮುಂದಿನ ವಾಕ್ಯಕ್ಕೆ ಬರುತ್ತಾರೆ. ಇಲ್ಲಿ ಎರಡನೇ ವಾಕ್ಯಕ್ಕೆ ಬರುವ ಹೊತ್ತಿಗೆ ನಟ್ ಬಿಚ್ಚಿ ಆಗಿರುತ್ತದೆ. ಪ್ರಯಾಣಿಕರ ವಿಮಾನದ ಹೈಡ್ರಾಲಿಕ್ ಪೈಪಿನಲ್ಲಿ ಸಾಮಾನ್ಯವಾಗಿ ಚದರ ಇಂಚಿಗೆ 3,000 ಪೌಂಡ್ ಒತ್ತಡ ಇರುತ್ತದೆ. ಕಾರಿನ ಟೈರಿನಲ್ಲಿ ಇರುವುದು ಸುಮಾರು 30.

ಆ ಎರಡು ವಾಕ್ಯಗಳನ್ನು ಹಿಂದುಮುಂದು ಮಾಡಿ ಬರೆಯುವುದೇ ಒಬ್ಬರ ಉದ್ಯೋಗ. ಅದರಿಂದಲೇ ಅವರಿಗೆ ಸಂಬಳ.

ವಿಮಾನ ಅಂದ ತಕ್ಷಣ ಪೈಲಟ್ ನೆನಪಾಗುತ್ತಾರೆ, ಇಂಜಿನಿಯರ್ ನೆನಪಾಗುತ್ತಾರೆ. ಬರೆಯುವವರು ಯಾರಿಗೂ ನೆನಪಾಗುವುದಿಲ್ಲ. ಆದರೆ ಒಂದು ವಿಮಾನ ಕಾರ್ಖಾನೆಯಿಂದ ಹೊರಬರುವಾಗ ಅದರ ಜೊತೆ ಸಾವಿರಾರು ಪುಟಗಳ ಬರಹವೂ ಹೊರಬರುತ್ತದೆ. ಮೆಕ್ಯಾನಿಕ್ ತನಗೆ ತೋಚಿದ ಹಾಗೆ ಬೋಲ್ಟ್ ಬಿಗಿಯುವಂತಿಲ್ಲ. ಮ್ಯಾನ್ಯುಯಲ್‌ನಲ್ಲಿ ಎಷ್ಟು ಅಂತ ಬರೆದಿದೆಯೋ ಅಷ್ಟೇ ಬಿಗಿಯಬೇಕು. ಇದು ಕಾನೂನು. ಈ ಮ್ಯಾನ್ಯುಯಲ್ ಬರೆಯುವವರ ಜೊತೆಗೆ ಇನ್ನೂ ಬೇರೆಯವರಿದ್ದಾರೆ. ವೈಮಾನಿಕ ಸುದ್ದಿ ಬರೆಯುವ ಪತ್ರಕರ್ತರು, ಕಂಪನಿಯ ಪರವಾಗಿ ಮಾತಾಡುವವರು, ರಾಕೆಟ್ ಯಾಕೆ ಹಾರಲಿಲ್ಲ ಅಂತ ಜನರಿಗೆ ತಿಳಿಸುವವರು, ಟೆಂಡರ್‌ಗೆ ಪ್ರಸ್ತಾವ ಬರೆಯುವವರು. ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತದೆ. ಒಳಗೆ ಒಂದೊಂದೂ ಬೇರೆ ಕಸುಬು. ನಾನು ಮ್ಯಾನ್ಯುಯಲ್ ಕಡೆಯವನು. ಹಾಗಾಗಿ ಅಲ್ಲೇ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಒಂದು ಪದಕ್ಕೆ ಒಂದೇ ಅರ್ಥ

ವಿಮಾನದ ಮ್ಯಾನ್ಯುಯಲ್‌ಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ ಇರುತ್ತವೆ. ಅವುಗಳನ್ನು ಓದುವ ಬಹಳಷ್ಟು ಜನರಿಗೆ ಇಂಗ್ಲಿಷ್ ಮನೆಮಾತಲ್ಲ. 1970ರ ದಶಕದ ಕೊನೆಯಲ್ಲಿ ಯುರೋಪಿನ ವಿಮಾನಯಾನ ಸಂಸ್ಥೆಗಳು ತಯಾರಕರ ಬಳಿ ಇದೇ ಮಾತು ಎತ್ತಿದವು: ಓದಿದರೆ ಅರ್ಥವಾಗುವ ಹಾಗೆ ಬರೆಯಿರಿ. ಅದರಿಂದ ಹುಟ್ಟಿದ್ದೇ 'ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್'. ಈಗ ಅದರ ಅಧಿಕೃತ ಹೆಸರು ಎಎಸ್‌ಡಿ-ಎಸ್‌ಟಿಇ100. ಅದರಲ್ಲಿ ಇರುವುದು ಎರಡು ಭಾಗ. ಒಂದು, ಬರೆಯುವ ನಿಯಮಗಳು. ಇನ್ನೊಂದು, ಪದಕೋಶ. ಭಾಗಗಳ ಹೆಸರು, ಉಪಕರಣಗಳ ಹೆಸರು ಬಿಟ್ಟರೆ, ಬಳಸಬಹುದು ಅಂತ ಒಪ್ಪಿಗೆ ಕೊಟ್ಟಿರುವ ಸಾಮಾನ್ಯ ಪದಗಳು ಸುಮಾರು 900 ಮಾತ್ರ.

ಆ 900ರಲ್ಲಿ ಒಂದೊಂದಕ್ಕೂ ಒಂದೇ ಅರ್ಥ ಕಟ್ಟಿಹಾಕಿದ್ದಾರೆ. 'ಕ್ಲೋಸ್' ಅಂದರೆ ಮುಚ್ಚು ಅಂತ ಮಾತ್ರ. ಹತ್ತಿರ ಅನ್ನಬೇಕಾದರೆ 'ನಿಯರ್' ಅಂತಲೇ ಬರೆಯಬೇಕು. 'ಫಾಲೋ' ಅಂದರೆ ಒಂದರ ಹಿಂದೆ ಇನ್ನೊಂದು ಬರುವುದು. ಸೂಚನೆ ಪಾಲಿಸಿ ಅನ್ನಲು ಅದನ್ನು ಬಳಸುವಂತಿಲ್ಲ, ಅಲ್ಲಿಗೆ 'ಒಬೇ'. ಶುರುಮಾಡು ಅನ್ನುವುದಕ್ಕೆ ಇಂಗ್ಲಿಷ್‌ನಲ್ಲಿ 'ಬಿಗಿನ್', 'ಕಮೆನ್ಸ್', 'ಇನಿಶಿಯೇಟ್' ಅಂತ ಎಷ್ಟೋ ಪದಗಳಿವೆ. ಇಲ್ಲಿ 'ಸ್ಟಾರ್ಟ್' ಒಂದೇ. ಕೆಲಸ ಹೇಳುವ ವಾಕ್ಯ 20 ಪದ ದಾಟಬಾರದು. ವಿವರಣೆಯ ವಾಕ್ಯಕ್ಕೆ 25ರ ತನಕ ರಿಯಾಯಿತಿ.

ಒಂದೇ ಪದ ಮತ್ತೆ ಮತ್ತೆ ಬರಬಾರದು ಅಂತ ಶಾಲೆಯ ಪ್ರಬಂಧದಲ್ಲಿ ಕಲಿಸಿರುತ್ತಾರೆ, ಅಲ್ವಾ? ಇಲ್ಲಿ ಪೂರಾ ಉಲ್ಟಾ. ಮೂರನೇ ಹೆಜ್ಜೆಯಲ್ಲಿ 'ಮುಚ್ಚಳ' ಅಂತ ಬರೆದು, ಏಳನೇ ಹೆಜ್ಜೆಯಲ್ಲಿ ಅದನ್ನೇ 'ಹೊದಿಕೆ' ಅಂದರೆ, ಮೆಕ್ಯಾನಿಕ್ ಎರಡು ಭಾಗ ಹುಡುಕಲು ಶುರುಮಾಡುತ್ತಾರೆ. ಕಥೆ, ಕವಿತೆ ಬರೆದು ಬಂದವರಿಗೆ ಮೊದಲ ಆರು ತಿಂಗಳು ಇದೇ ದೊಡ್ಡ ಕಷ್ಟ. ಕೈ ತಾನಾಗಿ ಪರ್ಯಾಯ ಪದ ಹುಡುಕುತ್ತಿರುತ್ತದೆ.

ಒಂದು ಪದಕ್ಕೆ ಎರಡು ಅರ್ಥ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ವೈಮಾನಿಕ ಲೋಕಕ್ಕೆ ಬೇರೆ ಉದಾಹರಣೆ ಬೇಕಾಗಿಲ್ಲ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ಜೆಟ್‌ಗಳು ಡಿಕ್ಕಿಯಾದವು. 583 ಜನ ಸತ್ತರು. ಒಂದು ವಿಮಾನದ ಪೈಲಟ್‌ಗಳು ರೇಡಿಯೋದಲ್ಲಿ ಹೇಳಿದ್ದು "ನಾವೀಗ ಟೇಕಾಫ್‌ನಲ್ಲಿದ್ದೇವೆ" ಅನ್ನುವ ಅರ್ಥದ ಮಾತು. ಓಡಲು ಶುರುಮಾಡಿದ್ದೇವೆ ಅಂತ ಅವರ ಲೆಕ್ಕ. ಟೇಕಾಫ್ ಜಾಗದಲ್ಲಿ ಕಾಯುತ್ತಿದ್ದಾರೆ ಅಂತ ನಿಲ್ದಾಣದ ನಿಯಂತ್ರಣ ಗೋಪುರದಲ್ಲಿದ್ದವರ ಲೆಕ್ಕ. ದಟ್ಟ ಮಂಜು, ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಆಮೇಲೆ 'ಟೇಕಾಫ್' ಅನ್ನುವ ಪದಕ್ಕೆ ಬೇಲಿ ಹಾಕಿದರು. ಹಾರಲು ಅನುಮತಿ ಕೊಡುವಾಗ ಅಥವಾ ಆ ಅನುಮತಿ ವಾಪಸ್ ತೆಗೆದುಕೊಳ್ಳುವಾಗ ಮಾತ್ರ ಅದನ್ನು ಬಳಸಬೇಕು. ಉಳಿದ ಕಡೆ 'ಡಿಪಾರ್ಚರ್'.

ಇನ್ನು ಎಚ್ಚರಿಕೆಗಳು. ಮ್ಯಾನ್ಯುಯಲ್‌ನಲ್ಲಿ ಮೂರು ದರ್ಜೆ ಇರುತ್ತವೆ. 'ವಾರ್ನಿಂಗ್' ಅಂದರೆ ಮನುಷ್ಯರಿಗೆ ಅಪಾಯ. 'ಕಾಷನ್' ಅಂದರೆ ಯಂತ್ರಕ್ಕೆ ಹಾನಿ. 'ನೋಟ್' ಅಂದರೆ ಸುಮ್ನೆ ತಿಳಿದಿರಲಿ ಅಂತ. ಮೊದಲೆರಡು ಯಾವಾಗಲೂ ಹೆಜ್ಜೆಗಿಂತ ಮೇಲೆ ಇರಬೇಕು, ಕೆಳಗೆ ಅಲ್ಲ. ಮೇಲಿನ ಹೈಡ್ರಾಲಿಕ್ ಉದಾಹರಣೆ ನೆನಪಿದೆಯಲ್ಲ, ಅದೇ ಕಾರಣ. ಹಾಗಂತ ಎಲ್ಲದಕ್ಕೂ 'ವಾರ್ನಿಂಗ್' ಹಾಕುತ್ತಾ ಹೋದರೆ ಯಾರೂ ಓದುವುದಿಲ್ಲ. ಹೊಸಬರು ಭಯಕ್ಕೆ ಎಲ್ಲ ಕಡೆ ಕೆಂಪು ಚೌಕ ಹಾಕುತ್ತಾರೆ. ನಾನೂ ಹಾಕುತ್ತಿದ್ದೆ.

ಒಂದು ಹೆಜ್ಜೆ ಬರೆಯಲು ಏನೇನು ಬೇಕು

ಲೇಖಕರ ಮೇಜಿಗೆ ಬರುವುದು ಇಂಜಿನಿಯರಿಂಗ್ ಡ್ರಾಯಿಂಗ್, ಭಾಗಗಳ ಪಟ್ಟಿ, ಪರೀಕ್ಷೆಯ ವರದಿ. ಇಂಜಿನಿಯರ್‌ಗೆ ಆ ಪಂಪ್ ಯಾಕೆ ಹಾಗಿದೆ ಅಂತ ಗೊತ್ತು. ಮೆಕ್ಯಾನಿಕ್‌ಗೆ ಬೇಕಾದ್ದು ಅದನ್ನು ಹೇಗೆ ಬಿಚ್ಚಬೇಕು ಅನ್ನುವುದು. ಈ ಎರಡರ ನಡುವೆ ಓಡಾಡುವುದೇ ಕೆಲಸದ ಮುಕ್ಕಾಲು ಭಾಗ. "ಈ ನಾಲ್ಕು ಬೋಲ್ಟ್ ಯಾವ ಕ್ರಮದಲ್ಲಿ ಬಿಗಿಯಬೇಕು?" ಅಂತ ಕೇಳಿದರೆ ಇಂಜಿನಿಯರ್ "ಯಾವ ಕ್ರಮವಾದರೂ ಪರವಾಗಿಲ್ಲ" ಅನ್ನುತ್ತಾರೆ. ನಿಜಕ್ಕೂ ಪರವಾಗಿಲ್ಲವಾ ಅಂತ ಇನ್ನೊಮ್ಮೆ ಕೇಳಬೇಕು. ಎರಡನೇ ಸಲ ಕೇಳಿದಾಗ ಉತ್ತರ ಬದಲಾಗುವುದುಂಟು.

ಬರೆದದ್ದಕ್ಕೆಲ್ಲ ಒಂದು ವಿಳಾಸ ಇರುತ್ತದೆ. 1956ರಲ್ಲಿ ಅಮೆರಿಕದ ವಿಮಾನಯಾನ ಸಂಸ್ಥೆಗಳ ಒಕ್ಕೂಟ ವಿಮಾನದ ಒಂದೊಂದು ವ್ಯವಸ್ಥೆಗೂ ಅಧ್ಯಾಯ ಸಂಖ್ಯೆ ಕೊಟ್ಟಿತು. 27 ಅಂದರೆ ಹಾರಾಟದ ನಿಯಂತ್ರಣಗಳು, 28 ಇಂಧನ, 29 ಹೈಡ್ರಾಲಿಕ್, 32 ಲ್ಯಾಂಡಿಂಗ್ ಗೇರ್, 56 ಕಿಟಕಿಗಳು. ಬೋಯಿಂಗ್ ಆಗಲಿ ಏರ್‌ಬಸ್ ಆಗಲಿ, 32ನೇ ಅಧ್ಯಾಯ ತೆಗೆದರೆ ಚಕ್ರವೇ ಸಿಗುತ್ತದೆ. ಈ ಕ್ಷೇತ್ರದವರು ಊಟಕ್ಕೆ ಕೂತಾಗಲೂ "ಅವಳು 28ನೇ ಅಧ್ಯಾಯದವಳು" ಅಂತಲೇ ಮಾತಾಡುತ್ತಾರೆ. ಈಗೀಗ ಪುಸ್ತಕ ಬರೆಯುವುದಿಲ್ಲ, ತುಂಡು ಬರೆಯುತ್ತಾರೆ. ಎಸ್1000ಡಿ ಅನ್ನುವ ಮಾನದಂಡದಲ್ಲಿ ಪ್ರತಿಯೊಂದು ಕೆಲಸವೂ ಒಂದು 'ಡೇಟಾ ಮಾಡ್ಯೂಲ್'. ಅದನ್ನು ಒಮ್ಮೆ ಬರೆದರೆ ಬೇಕಾದ ಕಡೆಯೆಲ್ಲ ಜೋಡಿಸಬಹುದು. ಅದರ ಜೊತೆಗೆ ಈ ಹೆಜ್ಜೆ ಯಾವ ಯಾವ ವಿಮಾನಕ್ಕೆ ಅನ್ವಯ ಅನ್ನುವ ಪಟ್ಟಿಯೂ ಇರಬೇಕು. ಒಂದೇ ಮಾದರಿಯ ವಿಮಾನವಾದರೂ ನೂರನೆಯದಕ್ಕೂ ಇನ್ನೂರನೆಯದಕ್ಕೂ ಒಳಗೆ ವ್ಯತ್ಯಾಸ ಇರುತ್ತದೆ.

ಬರೆದ ಮೇಲೆ 'ವ್ಯಾಲಿಡೇಷನ್'. ಅಂದರೆ ಒಬ್ಬ ಮೆಕ್ಯಾನಿಕ್ ನಿಮ್ಮ ಬರಹ ಹಿಡಿದು ನಿಜವಾದ ವಿಮಾನದ ಮೇಲೆ ಆ ಕೆಲಸ ಮಾಡಿ ನೋಡುವುದು. ನನ್ನ ಮೊದಲ ವ್ಯಾಲಿಡೇಷನ್‌ನಲ್ಲಿ "ಎಡಗಡೆಯ ವಾಲ್ವ್ ಮುಚ್ಚಿ" ಅಂತ ಬರೆದಿದ್ದೆ. ಅವರು ವಿಮಾನದ ಹೊಟ್ಟೆಯ ಕೆಳಗೆ, ಬಾಲದ ಕಡೆ ಮುಖ ಮಾಡಿ ಮಲಗಿದ್ದರು. ಕೈ ಅರ್ಧಕ್ಕೆ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿ ಕೇಳಿದರು: "ಯಾರ ಎಡ? ನನ್ನದಾ, ವಿಮಾನದ್ದಾ?" ಮೂಗಿನ ಕಡೆ ಮುಖ ಮಾಡಿದಾಗ ಬರುವ ಎಡವೇ ವಿಮಾನದ ಎಡ, ಅದು ಎಲ್ಲರೂ ಒಪ್ಪಿದ ರೂಢಿ. ಹಾಗಾಗಿ ನಾನು ಬರೆದದ್ದು ತಪ್ಪಲ್ಲ. ಆದರೂ ವಾಲ್ವ್‌ನ ಮೇಲೆ ಅಂಟಿಸಿದ್ದ ಸಂಖ್ಯೆಯನ್ನು ಸೇರಿಸಿ ಆ ಸಾಲನ್ನು ಅವತ್ತೇ ತಿದ್ದಿದೆ.

ಇಷ್ಟೆಲ್ಲ ಮಾಡಿ ಬರೆದಿಟ್ಟರೂ ಓದದೇ ಇದ್ದರೆ? 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ 5390 ವಿಮಾನದ ಕಾಕ್‌ಪಿಟ್ ಗಾಜು 17,000 ಅಡಿಗಿಂತ ಮೇಲೆ ಕಿತ್ತುಹೋಯಿತು. ಕ್ಯಾಪ್ಟನ್ ಅವರ ಅರ್ಧ ದೇಹ ಹೊರಗೆ ಎಳೆದುಕೊಂಡು ಹೋಗಿತ್ತು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡರು, ಸಹ ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು, ಕ್ಯಾಪ್ಟನ್ ಬದುಕಿದರು. ಕಾರಣ ಬೋಲ್ಟ್‌ಗಳು. ಆ ಗಾಜನ್ನು ಹಾರಾಟಕ್ಕೆ 27 ಗಂಟೆ ಮೊದಲಷ್ಟೇ ಬದಲಿಸಿದ್ದರು. ಭಾಗಗಳ ಸಚಿತ್ರ ಕ್ಯಾಟಲಾಗ್‌ನಲ್ಲಿ ಇದ್ದದ್ದು 'ಎ211-8ಡಿ' ಅನ್ನುವ ಬೋಲ್ಟ್. ಕೆಲಸ ಮಾಡಿದವರು ಕ್ಯಾಟಲಾಗ್ ನೋಡಲಿಲ್ಲ, ಹಳೇ ಬೋಲ್ಟ್ ಹಿಡಿದು ಅದರ ಜೊತೆ ಕಣ್ಣಳತೆಯಲ್ಲಿ ಹೋಲಿಸಿ ತಂದರು. 90ರಲ್ಲಿ 84 ಬೋಲ್ಟ್‌ಗಳು '8ಸಿ' ಆಗಿದ್ದವು. ದಪ್ಪದಲ್ಲಿ ವ್ಯತ್ಯಾಸ 0.026 ಇಂಚು, ಅಂದರೆ ಒಂದು ಮಿಲಿಮೀಟರ್‌ಗಿಂತಲೂ ಕಡಿಮೆ. ಉಳಿದ ಆರು ಉದ್ದದಲ್ಲಿ ಗಿಡ್ಡ.

ನಾನು ಈ ಘಟನೆಯನ್ನು ಬರೀ ಮೆಕ್ಯಾನಿಕ್ ತಪ್ಪು ಅಂತ ಓದುವುದಿಲ್ಲ. ಕ್ಯಾಟಲಾಗ್ ತೆಗೆದು ನೋಡುವುದಕ್ಕಿಂತ ಬೋಲ್ಟ್ ಹಿಡಿದು ಹೋಲಿಸುವುದು ಸುಲಭ ಅನ್ನಿಸಿದರೆ, ಜನ ಸುಲಭವಾದದ್ದನ್ನೇ ಮಾಡುತ್ತಾರೆ. ಬರಹ ಸರಿ ಇದ್ದರೆ ಸಾಲದು, ಕೈಗೆ ಬೇಗ ಸಿಗಬೇಕು.

ಬರೆಯದೇ ಬಿಟ್ಟದ್ದು, ಬರೆದು ಹೂತುಹಾಕಿದ್ದು

2018ರ ಅಕ್ಟೋಬರ್ 29ರಂದು ಲಯನ್ ಏರ್, 2019ರ ಮಾರ್ಚ್ 10ರಂದು ಇಥಿಯೋಪಿಯನ್ ಏರ್‌ಲೈನ್ಸ್. ಎರಡೂ ಬೋಯಿಂಗ್ 737 ಮ್ಯಾಕ್ಸ್. ಒಟ್ಟು 346 ಜನ ಸತ್ತರು. ಎಂಕ್ಯಾಸ್ ಅನ್ನುವ ತಂತ್ರಾಂಶ ಒಂದು ಸೆನ್ಸರ್‌ನ ತಪ್ಪು ಲೆಕ್ಕ ನಂಬಿ ವಿಮಾನದ ಮೂಗನ್ನು ಮತ್ತೆ ಮತ್ತೆ ಕೆಳಗೆ ತಳ್ಳಿತು. ಮೊದಲ ಅಪಘಾತ ಆದಾಗ ಪೈಲಟ್‌ಗಳ ಕೈಪಿಡಿಯಲ್ಲಿ ಆ ವ್ಯವಸ್ಥೆಯ ವಿವರಣೆಯೇ ಇರಲಿಲ್ಲ. ಅದನ್ನು ಕೈಬಿಡಲು 2016ರಲ್ಲಿ ಕಂಪನಿ ಕೇಳಿತ್ತು, ಅಮೆರಿಕದ ವಿಮಾನಯಾನ ನಿಯಂತ್ರಕರು ಒಪ್ಪಿದ್ದರು. ಇದು ಕೆಳಗಿನ ಹಂತದ ಲೇಖಕರ ತೀರ್ಮಾನ ಅಲ್ಲ, ನಿಜ. ಆದರೆ ಈ ಕೆಲಸಕ್ಕೆ ಬರುವವರು ಒಂದು ವಿಷಯ ತಿಳಿದಿರಬೇಕು. ಯಾವುದನ್ನು ಬರೆಯಬೇಕಾಗಿಲ್ಲ ಅನ್ನುವ ಚರ್ಚೆ ನಡೆಯುವ ಕೋಣೆಯಲ್ಲಿ ನೀವೂ ಕೂತಿರುತ್ತೀರಿ.

ಬರೆದು ಹೂತುಹಾಕುವುದು ಇನ್ನೊಂದು ಬಗೆ. 2017ರ ಜುಲೈ 7ರ ರಾತ್ರಿ ಏರ್ ಕೆನಡಾದ ಒಂದು ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರನ್‌ವೇ ಬದಲು ಪಕ್ಕದ ಟ್ಯಾಕ್ಸಿವೇಗೆ, ಅಂದರೆ ವಿಮಾನಗಳು ರನ್‌ವೇ ಕಡೆ ಉರುಳಿಕೊಂಡು ಹೋಗುವ ದಾರಿಗೆ, ಇಳಿಯಲು ಬಂತು. ಅಲ್ಲಿ ನಾಲ್ಕು ವಿಮಾನಗಳು ಜನರನ್ನು ತುಂಬಿಕೊಂಡು ಸಾಲಾಗಿ ನಿಂತಿದ್ದವು. ಕೊನೆ ಗಳಿಗೆಯಲ್ಲಿ ಪೈಲಟ್‌ಗಳು ಮೇಲೇರಿದರು. ನೆಲದಿಂದ 60 ಅಡಿಯ ಹತ್ತಿರಕ್ಕೆ ಇಳಿದಿದ್ದರು. ಅಕ್ಕಪಕ್ಕದ ಎರಡು ರನ್‌ವೇಗಳಲ್ಲಿ ಒಂದನ್ನು ಮುಚ್ಚಿ ದೀಪ ಆರಿಸಿದ್ದರು, ಅದರಿಂದ ಗೊಂದಲ. ಮುಚ್ಚಿದ ವಿಷಯ ಪೈಲಟ್‌ಗಳಿಗೆ ಕೊಟ್ಟ ಕಾಗದದಲ್ಲಿ ಇತ್ತು. ಎಲ್ಲಿ? 27 ಪುಟಗಳಲ್ಲಿ ಎಂಟನೇ ಪುಟದಲ್ಲಿ. ಇಂಥ ಸೂಚನೆಗಳನ್ನು 'ನೋಟಾಮ್' ಅನ್ನುತ್ತಾರೆ. ಎಲ್ಲ ದೊಡ್ಡ ಅಕ್ಷರ, ಎಲ್ಲ ಸಂಕ್ಷಿಪ್ತ ರೂಪ. ಕಂಬದ ಮೇಲಿನ ದೀಪ ಕೆಟ್ಟಿರುವುದೂ, ಇಡೀ ರನ್‌ವೇ ಮುಚ್ಚಿರುವುದೂ ಒಂದೇ ಸಾಲಿನಲ್ಲಿ ಒಂದೇ ದನಿಯಲ್ಲಿ. ತನಿಖೆ ಮಾಡಿದ ಅಮೆರಿಕದ ಮಂಡಳಿಯ ಅಧ್ಯಕ್ಷರೇ ನೋಟಾಮ್‌ಗಳನ್ನು ಯಾರೂ ಗಮನಿಸದ ಕಸದ ರಾಶಿ ಅಂತ ಕರೆದರು.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ಒಂದು ಸ್ಲೈಡ್. 2003ರ ಜನವರಿ 16ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಹಾರುವಾಗ ಇಂಧನ ಟ್ಯಾಂಕಿನ ಮೇಲಿನ ಫೋಮ್ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡಿಯಿತು. ಅದರಿಂದ ಅಪಾಯ ಇದೆಯಾ ಅಂತ ಇಂಜಿನಿಯರ್‌ಗಳು ಲೆಕ್ಕ ಹಾಕಿ ನಾಸಾದ ವ್ಯವಸ್ಥಾಪಕರಿಗೆ ಪವರ್‌ಪಾಯಿಂಟ್‌ನಲ್ಲಿ ತೋರಿಸಿದರು. ಸ್ಲೈಡಿನ ತಲೆಬರಹ ಓದಿದರೆ, ಹಳೇ ಪರೀಕ್ಷೆಗಳ ಪ್ರಕಾರ ಲೆಕ್ಕ ಸುರಕ್ಷಿತ ಕಡೆಗೇ ಇದೆ ಅನ್ನುವ ಭಾವನೆ ಬರುತ್ತದೆ. ಅದರ ಕೆಳಗೆ ಚುಕ್ಕಿ, ಚುಕ್ಕಿಯ ಕೆಳಗೆ ಗೆರೆ, ಗೆರೆಯ ಕೆಳಗೆ ಇನ್ನೊಂದು ಸಣ್ಣ ಚುಕ್ಕಿ. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಎರಡು ಸಂಖ್ಯೆ: ಬಡಿದ ತುಂಡಿನ ಗಾತ್ರ 1,920 ಘನ ಇಂಚು, ಪರೀಕ್ಷೆಯಲ್ಲಿ ಬಳಸಿದ ತುಂಡಿನದು 3. ಅಂದರೆ 640 ಪಟ್ಟು ದೊಡ್ಡದು. ಆ ಪರೀಕ್ಷೆ ಇದಕ್ಕೆ ಅನ್ವಯಿಸುವುದೇ ಇಲ್ಲ ಅಂತ ಅರ್ಥ. ಅದು ತಲೆಬರಹ ಆಗಬೇಕಿತ್ತು. ಫೆಬ್ರವರಿ 1ರಂದು ವಾಪಸ್ ಬರುವಾಗ ನೌಕೆ ಚೂರಾಯಿತು, ಏಳು ಜನ ಸತ್ತರು. ಪೂರಾ ವರದಿ ಬರೆಯುವ ಬದಲು ಸ್ಲೈಡ್‌ಗಳಲ್ಲೇ ಕೆಲಸ ಮುಗಿಸುವ ಅಭ್ಯಾಸವನ್ನು ತನಿಖಾ ಮಂಡಳಿ ಹೆಸರಿಸಿ ಟೀಕಿಸಿತು. ಸ್ಲೈಡ್ ಸರಿ ಇದ್ದಿದ್ದರೆ ಅವರು ಬದುಕುತ್ತಿದ್ದರು ಅಂತ ಹೇಳಲು ಬರುವುದಿಲ್ಲ. ಆದರೆ ಮಾಹಿತಿ ಅಲ್ಲೇ ಇತ್ತು, ಎಲ್ಲರ ಕಣ್ಣೆದುರು.

ಸುದ್ದಿಮನೆಯ ಕಡೆ

ವೈಮಾನಿಕ ಪತ್ರಿಕೋದ್ಯಮ ಹಳೆಯದು. ಲಂಡನ್ನಿನ 'ಫ್ಲೈಟ್' ಪತ್ರಿಕೆ ಶುರುವಾದದ್ದು 1909ರಲ್ಲಿ, ರೈಟ್ ಸಹೋದರರ ಮೊದಲ ಹಾರಾಟಕ್ಕೆ ಬರೀ ಐದು ವರ್ಷ ಆಗಿತ್ತು. ಇಲ್ಲಿ ಬೇಕಾದ್ದು ಪದಗಳ ಮೇಲಿನ ಅನುಮಾನ. ಫಾರ್ನ್‌ಬರೋ, ಪ್ಯಾರಿಸ್ ವೈಮಾನಿಕ ಪ್ರದರ್ಶನಗಳಲ್ಲಿ "ನೂರು ವಿಮಾನಕ್ಕೆ ಆರ್ಡರ್" ಅಂತ ಘೋಷಣೆ ಬರುತ್ತದೆ. ಅದರಲ್ಲಿ ಪಕ್ಕಾ ಆರ್ಡರ್ ಎಷ್ಟು, ಬೇಕಾದರೆ ಕೊಳ್ಳುತ್ತೇವೆ ಅನ್ನುವ ಆಪ್ಷನ್ ಎಷ್ಟು, ಬರೀ ತಿಳಿವಳಿಕೆ ಪತ್ರ ಎಷ್ಟು? ಈ ಮೂರನ್ನು ಬಿಡಿಸದೆ ಬರೆದ ಸುದ್ದಿ ಕಂಪನಿಯ ಜಾಹೀರಾತು ಅಷ್ಟೇ.

ಸಾಮಾನ್ಯ ಪತ್ರಿಕೆಗಳಲ್ಲಿ ಬರುವ ಕೆಲವು ತಪ್ಪುಗಳಂತೂ ಹೋಗುವುದೇ ಇಲ್ಲ. 'ಸ್ಟಾಲ್' ಆಯಿತು ಅಂದರೆ ಇಂಜಿನ್ ನಿಂತಿತು ಅಂತ ಬರೆಯುತ್ತಾರೆ. ಕಾರಿಗೆ ಅದು ಸರಿ. ವಿಮಾನದಲ್ಲಿ ಸ್ಟಾಲ್ ಆಗುವುದು ರೆಕ್ಕೆ. ಗಾಳಿ ಬರುವ ದಿಕ್ಕಿಗೆ ರೆಕ್ಕೆಯ ಕೋನ ಮಿತಿ ಮೀರಿದಾಗ ಮೇಲಿನ ಗಾಳಿ ರೆಕ್ಕೆಗೆ ಅಂಟಿಕೊಂಡು ಹರಿಯುವುದಿಲ್ಲ, ಎತ್ತುವ ಬಲ ಕುಸಿಯುತ್ತದೆ. ಇಂಜಿನ್ ಜೋರಾಗಿ ಓಡುತ್ತಲೇ ಇರಬಹುದು. 'ಕಪ್ಪು ಪೆಟ್ಟಿಗೆ'ಯ ಬಣ್ಣ ಕಿತ್ತಳೆ, ಅದು ಹೋಗಲಿ ಬಿಡಿ. "ವಿಮಾನ ಸಾವಿರಾರು ಅಡಿ ಕುಸಿಯಿತು, ಪ್ರಯಾಣಿಕರ ಚೀರಾಟ" ಅನ್ನುವ ತಲೆಬರಹ ನೋಡಿರುತ್ತೀರಿ. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಹೋದರೆ ಪೈಲಟ್‌ಗಳು ಬೇಕಂತಲೇ ಬೇಗ 10,000 ಅಡಿಗೆ ಇಳಿಸುತ್ತಾರೆ. ಆ ಎತ್ತರದಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಹೆಚ್ಚಿನ ವಿಮಾನಗಳಲ್ಲಿ ತಲೆಯ ಮೇಲಿಂದ ಬೀಳುವ ಮಾಸ್ಕ್‌ನಲ್ಲಿ ಆಮ್ಲಜನಕ ಬರುವುದು ಕೆಲವೇ ನಿಮಿಷ, ಅದಕ್ಕೇ ಅವಸರ. ಅದು ಕುಸಿತ ಅಲ್ಲ, ಕಲಿತು ಮಾಡಿದ ಕೆಲಸ.

ಅಪಘಾತದ ದಿನ ನಿಜವಾದ ಪರೀಕ್ಷೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದ 13ನೇ ಅನುಬಂಧದ ಪ್ರಕಾರ ತನಿಖೆಯ ಉದ್ದೇಶ ಮುಂದೆ ಹೀಗಾಗದಂತೆ ತಡೆಯುವುದು ಮಾತ್ರ, ಯಾರ ಮೇಲೂ ತಪ್ಪು ಹೊರಿಸುವುದಲ್ಲ. ಪ್ರಾಥಮಿಕ ವರದಿಗೆ 30 ದಿನ, ಅಂತಿಮ ವರದಿಗೆ ಆದಷ್ಟೂ 12 ತಿಂಗಳೊಳಗೆ ಅನ್ನುವ ಗುರಿ. ಸಂಪಾದಕರಿಗೆ ಕಾರಣ ಬೇಕಾಗಿರುವುದು ಸಂಜೆ ಆರು ಗಂಟೆಗೆ. ಈ ಎರಡರ ನಡುವೆ ಸಿಕ್ಕಿಕೊಂಡ ವರದಿಗಾರರು "ಇಷ್ಟು ಗೊತ್ತಿದೆ, ಇಷ್ಟು ಗೊತ್ತಿಲ್ಲ" ಅಂತ ಬರೆದರೆ ಅವತ್ತಿಗೆ ಸಪ್ಪೆ ಅನ್ನಿಸುತ್ತದೆ. ಒಂದು ವರ್ಷದ ನಂತರ ಅಂತಿಮ ವರದಿ ಬಂದಾಗ ತಿದ್ದುಪಡಿ ಹಾಕುವ ಕಷ್ಟ ಅವರಿಗೆ ಇರುವುದಿಲ್ಲ.

ಬಾಹ್ಯಾಕಾಶದ ವಿಷಯ ಜನರಿಗೆ ಬರೆಯುವವರ ತಲೆನೋವು ಬೇರೆ. ಅಲ್ಲಿ ತಪ್ಪು ತಿಳಿವಳಿಕೆ ಮೊದಲೇ ಬೇರು ಬಿಟ್ಟಿರುತ್ತದೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವಾಕರ್ಷಣೆ ಇಲ್ಲ ಅಂತ ಎಲ್ಲರೂ ನಂಬಿದ್ದಾರೆ. ನೆಲದಿಂದ ಸುಮಾರು 400 ಕಿ.ಮೀ. ಮೇಲೆ ಅದು ಇಲ್ಲಿನ ಶೇ 90ರ ಆಸುಪಾಸು ಇದ್ದೇ ಇದೆ. ನಿಲ್ದಾಣ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಅಡ್ಡಡ್ಡ ಓಡುತ್ತಾ ಬೀಳುತ್ತಲೇ ಇದೆ. ಅದು ಬಿದ್ದಷ್ಟೇ ಭೂಮಿಯೂ ಬಾಗಿಕೊಂಡು ಹೋಗುವುದರಿಂದ ನೆಲ ಸಿಗುವುದಿಲ್ಲ. ಒಳಗಿರುವವರೂ ಅದರ ಜೊತೆಗೇ ಬೀಳುತ್ತಿದ್ದಾರೆ, ಅದಕ್ಕೇ ತೇಲುತ್ತಾರೆ. ಇಷ್ಟನ್ನು ಹತ್ತನೇ ತರಗತಿಯ ಹುಡುಗನಿಗೆ ಹೇಳಲು ಬಂದರೆ ನಿಮಗೆ ಈ ಕೆಲಸ ಒಗ್ಗುತ್ತದೆ.

ಕಂಪನಿಯ ಪರವಾಗಿ ಮಾತಾಡುವವರು

ಸಂಪರ್ಕ ವಿಭಾಗದ ದಿನನಿತ್ಯದ ಕೆಲಸ ಪತ್ರಿಕಾ ಪ್ರಕಟಣೆ, ಒಳಗಿನ ನೌಕರರಿಗೆ ಸುದ್ದಿಪತ್ರ, ಮುಖ್ಯಸ್ಥರ ಭಾಷಣ, ವಿಡಿಯೋ ಇತ್ಯಾದಿ. ಅದರ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಟೆಂಡರ್ ಪ್ರಸ್ತಾವ ಬರೆಯುವುದೂ ಇದರ ಪಕ್ಕದ್ದೇ. ಗ್ರಾಹಕರು ಕೇಳಿದ ಒಂದೊಂದು ಷರತ್ತಿಗೂ ಎಲ್ಲಿ ಉತ್ತರ ಕೊಟ್ಟಿದ್ದೇವೆ ಅಂತ ಕೋಷ್ಟಕ ಹಾಕಿ, ಹೇಳಿದ ಪುಟಗಳ ಮಿತಿಯೊಳಗೆ ಮುಗಿಸಬೇಕು. ಸಂಬಳ ಚೆನ್ನಾಗಿರುತ್ತದೆ, ನಿದ್ದೆ ಇರುವುದಿಲ್ಲ.

ಕೆಟ್ಟ ದಿನಕ್ಕೆ ಇವರು ಮೊದಲೇ ತಯಾರಾಗಿರುತ್ತಾರೆ. ವಿಮಾನಯಾನ ಸಂಸ್ಥೆಗಳು 'ಡಾರ್ಕ್ ಸೈಟ್' ಅಂತ ಒಂದು ಸಾದಾ ವೆಬ್ ಪುಟ ಸಿದ್ಧ ಮಾಡಿಟ್ಟಿರುತ್ತವೆ. ಅಪಘಾತವಾದರೆ ಬಣ್ಣಬಣ್ಣದ ಮುಖಪುಟ ತೆಗೆದು ಅದನ್ನು ಹಾಕುತ್ತಾರೆ, ಜಾಹೀರಾತು ನಿಲ್ಲಿಸುತ್ತಾರೆ, ಲೋಗೋದ ಬಣ್ಣ ತೆಗೆಯುತ್ತಾರೆ. ರಜೆಗೆ ಅಗ್ಗದ ಟಿಕೆಟ್ ಅನ್ನುವ ಪೋಸ್ಟ್ ಆ ದಿನ ಹೊರಗೆ ಹೋದರೆ ಹೇಗಿರುತ್ತದೆ ಯೋಚಿಸಿ. ಸಮಯವೂ ಈಗ ಕಡಿಮೆ. 2009ರ ಜನವರಿ 15ರಂದು ನ್ಯೂಯಾರ್ಕ್‌ನ ಹಡ್ಸನ್ ನದಿಯಲ್ಲಿ ವಿಮಾನ ಇಳಿದಾಗ, ಕಾಪಾಡಲು ಹೋದ ದೋಣಿಯಲ್ಲಿದ್ದ ಒಬ್ಬರು ಕೆಲವೇ ನಿಮಿಷಗಳಲ್ಲಿ ಫೋಟೋ ಹಾಕಿಬಿಟ್ಟರು. ಜಗತ್ತು ಮೊದಲು ನೋಡಿದ್ದು ಅದನ್ನೇ.

ಏನು ಹೇಳಬೇಕು ಅನ್ನುವುದಕ್ಕೆ ನನಗೆ ಇಷ್ಟವಾದ ಮಾದರಿ 2019ರ ಸೆಪ್ಟೆಂಬರ್ 7ರ ನಸುಕಿನದು. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಇಳಿಯುತ್ತಿತ್ತು. ಕೋಟ್ಯಂತರ ಜನ ನೇರಪ್ರಸಾರ ನೋಡುತ್ತಿದ್ದರು. ಸಂಕೇತ ನಿಂತಿತು. ಇಸ್ರೋ ಅಧ್ಯಕ್ಷರು ಹೇಳಿದ್ದು ಇಷ್ಟೇ: 2.1 ಕಿ.ಮೀ. ಎತ್ತರದ ತನಕ ಎಲ್ಲ ಸರಿಯಾಗಿತ್ತು, ಆಮೇಲೆ ಸಂಪರ್ಕ ಕಡಿದುಹೋಯಿತು, ಮಾಹಿತಿಯನ್ನು ಪರಿಶೀಲಿಸುತ್ತಿದ್ದೇವೆ. ಒಂದು ಸಂಖ್ಯೆ, ಒಂದು ಘಟನೆ, ಮುಂದಿನ ಕೆಲಸ. ಊಹೆ ಇಲ್ಲ, ಸಮಾಧಾನದ ಮಾತಿಲ್ಲ. ಇದರ ಎದುರು ರಾಕೆಟ್ ಸಿಡಿದದ್ದನ್ನು 'ಯೋಜನೆಯಲ್ಲಿ ಇಲ್ಲದ ತ್ವರಿತ ಕಳಚುವಿಕೆ' ಅನ್ನುವ ಅರ್ಥದ ಇಂಗ್ಲಿಷ್ ತಮಾಷೆಯನ್ನು ಇಡಿ. 2023ರ ಏಪ್ರಿಲ್‌ನಲ್ಲಿ ಸ್ಟಾರ್‌ಶಿಪ್ ಸಿಡಿದಾಗ ಸ್ಪೇಸ್‌ಎಕ್ಸ್ ಅದನ್ನೇ ಬಳಸಿತು. ಒಳಗೆ ಯಾರೂ ಇರಲಿಲ್ಲ, ಹಾಗಾಗಿ ನಗು ಬಂತು. ಇದ್ದಿದ್ದರೆ?

ಒಳಗೆ ಬರುವುದು ಹೇಗೆ

ಇಂಜಿನಿಯರಿಂಗ್ ಡಿಗ್ರಿ ಬೇಕೇಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಮ್ಯಾನ್ಯುಯಲ್ ಬರೆಯಲು ಇದ್ದರೆ ಅನುಕೂಲ, ಯಾಕೆಂದರೆ ಡ್ರಾಯಿಂಗ್ ಓದಲು ಬರಬೇಕು. ವಿಮಾನ ನಿರ್ವಹಣೆಯಲ್ಲಿ ಕೆಲಸ ಮಾಡಿ ಮೊಣಕಾಲು ನೋವು ಬಂದ ಮೇಲೆ ಈ ಕಡೆ ಬರುವವರಿದ್ದಾರೆ. ಅವರು ಬಹಳ ಚೆನ್ನಾಗಿ ಬರೆಯುತ್ತಾರೆ, ಏಕೆಂದರೆ ಕೆಟ್ಟ ಮ್ಯಾನ್ಯುಯಲ್ ಓದಿ ಬೈದುಕೊಂಡ ಅನುಭವ ಇರುತ್ತದೆ. ಸುದ್ದಿ, ಸಂಪರ್ಕದ ಕಡೆಗೆ ಯಾವ ಡಿಗ್ರಿಯಿಂದಲೂ ಬರಬಹುದು. ಆದರೆ ಸಂಖ್ಯೆಗಳಿಗೆ ಹೆದರಬಾರದು. 1983ರ ಜುಲೈನಲ್ಲಿ ಏರ್ ಕೆನಡಾದ 767 ವಿಮಾನವೊಂದಕ್ಕೆ 41,000 ಅಡಿ ಎತ್ತರದಲ್ಲಿ ಇಂಧನ ಖಾಲಿಯಾಯಿತು. ಲೀಟರನ್ನು ಕಿಲೋಗೆ ಬದಲಿಸುವಾಗ 0.8ರಿಂದ ಗುಣಿಸುವ ಬದಲು 1.77ರಿಂದ ಗುಣಿಸಿದ್ದರು. 1.77 ಪೌಂಡಿನ ಲೆಕ್ಕ. ಕಾಗದದಲ್ಲಿ ಆ ಸಂಖ್ಯೆಯ ಪಕ್ಕದಲ್ಲಿ ಯಾವ ಅಳತೆ ಅಂತ ಬರೆದಿರಲಿಲ್ಲ. ಅದೃಷ್ಟಕ್ಕೆ ಪೈಲಟ್‌ಗಳು ಇಂಜಿನ್ ಇಲ್ಲದೆಯೇ ತೇಲಿಸಿಕೊಂಡು ಹೋಗಿ ಕೆನಡಾದ ಗಿಮ್ಲಿ ಅನ್ನುವ ಊರಿನ ಹಳೇ ವಾಯುನೆಲೆಯಲ್ಲಿ ಇಳಿಸಿದರು.

ಕೆಲಸ ಕೇಳಲು ಹೋದಾಗ ಮಾದರಿ ಬರಹ ತೋರಿಸಬೇಕು. ಇಲ್ಲೊಂದು ತೊಡಕು. ಈ ಕ್ಷೇತ್ರದಲ್ಲಿ ಕೆಲಸದಲ್ಲಿ ಬರೆದದ್ದನ್ನು ಹೊರಗೆ ತೋರಿಸುವಂತಿಲ್ಲ. ಗೋಪ್ಯತೆಯ ಒಪ್ಪಂದ ಇರುತ್ತದೆ, ರಫ್ತು ನಿಯಂತ್ರಣದ ಕಾನೂನುಗಳು ಇರುತ್ತವೆ. ಒಂದು ಸಾಮಾನ್ಯ ಚಿತ್ರ ಹಾಕಿದ್ದಕ್ಕೂ ತೊಂದರೆ ಆಗಬಹುದು. ಹಾಗಾಗಿ ಮಾದರಿಗಳನ್ನು ನೀವೇ ಹೊಸದಾಗಿ ಮಾಡಿಕೊಳ್ಳಬೇಕು. ಅಪಘಾತ ತನಿಖೆಯ ಅಂತಿಮ ವರದಿಗಳು ಉಚಿತವಾಗಿ ಸಿಗುತ್ತವೆ. ಒಂದನ್ನು ಪೂರಾ ಓದಿ ಎರಡು ಪುಟಕ್ಕೆ ಇಳಿಸಿ, ಆದರೆ ವರದಿ ಹೇಳದ್ದನ್ನು ಒಂದಕ್ಷರವೂ ಸೇರಿಸಬೇಡಿ. ಇದು ಕಾಣುವುದಕ್ಕಿಂತ ಕಷ್ಟ. ಅಮೆರಿಕದ ವಿಮಾನಯಾನ ಆಡಳಿತ ಪೈಲಟ್‌ಗಳಿಗಾಗಿ ಹೊರತಂದಿರುವ ಕೈಪಿಡಿಗಳೂ ಉಚಿತ, ಹಾರಾಟದ ಮೂಲಪಾಠ ಅಲ್ಲೇ ಕಲಿಯಬಹುದು. ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ ನಿಯಮಗಳ ಪ್ರತಿಯನ್ನೂ ಕೇಳಿದರೆ ಹಣ ತೆಗೆದುಕೊಳ್ಳದೆ ಕಳಿಸುತ್ತಾರೆ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ಕೆಲಸ ಉಳಿಯುತ್ತದಾ? ಕರಡು ಬರೆಯುವ, ಪದಗಳನ್ನು ನಿಯಮಕ್ಕೆ ತಾಳೆ ನೋಡುವ ಕೆಲಸ ಆಗಲೇ ಯಂತ್ರದ ಕಡೆ ಜಾರುತ್ತಿದೆ. ಆದರೆ 45 ಇರಬೇಕಾದ ಕಡೆ 54 ಅಂತ ನಯವಾಗಿ ಬರೆದ ವಾಕ್ಯ ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಓದುವಾಗ ಎಲ್ಲೂ ಎಡವುವುದಿಲ್ಲ. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಡ್ರಾಯಿಂಗ್ ತೆಗೆದು ನೋಡಿ, ಕೆಳಗೆ ಸಹಿ ಹಾಕುವವರು ಬೇಕೇಬೇಕು. ಅಂದಹಾಗೆ ಆ ಸಹಿ ಒಳಗಿನ ದಾಖಲೆಯಲ್ಲಿ ಮಾತ್ರ ಇರುತ್ತದೆ. ಮ್ಯಾನ್ಯುಯಲ್ ಮೇಲೆ ನಿಮ್ಮ ಹೆಸರು ಇರುವುದಿಲ್ಲ. ಹೆಸರು ಬೇಕು ಅನ್ನುವವರಿಗೆ ಪತ್ರಿಕೋದ್ಯಮವೇ ಸರಿ.

ನಿಮಗೆ ಈ ಕೆಲಸ ಒಗ್ಗುತ್ತದಾ ಅಂತ ನೋಡಲು ವಿಮಾನ ಬೇಕಾಗಿಲ್ಲ. ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ ಮತ್ತೆ ಹಾಕುವುದು ಹೇಗೆ ಅಂತ ಬರೆಯಿರಿ. ಒಂದು ವಾಕ್ಯಕ್ಕೆ ಒಂದು ಕೆಲಸ, ಎಚ್ಚರಿಕೆ ಹೆಜ್ಜೆಗಿಂತ ಮೇಲೆ, ಒಂದು ವಸ್ತುವಿಗೆ ಒಂದೇ ಹೆಸರು. ಆಮೇಲೆ ಯಾವತ್ತೂ ಚಕ್ರ ಬಿಚ್ಚದವರೊಬ್ಬರ ಕೈಗೆ ಆ ಕಾಗದ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಏನೂ ಹೇಳಬೇಡಿ, ಕೈಯಲ್ಲಿ ಪೆನ್ಸಿಲ್ ಇರಲಿ. ಅವರು ಎಲ್ಲೆಲ್ಲಿ ಕೆಲಸ ನಿಲ್ಲಿಸಿ, ತಲೆ ಎತ್ತಿ ನಿಮ್ಮ ಮುಖ ನೋಡುತ್ತಾರೋ ಆ ಸಾಲುಗಳಿಗೆ ಗುರುತು ಹಾಕುತ್ತಾ ಹೋಗಿ.